ಪ್ರೇರಿ ಬಯಲಿನ ಗೂಡುಗಳ ಮುಂದೆ: ಕಾರು, ಟೆಂಟು ಮತ್ತು ರಿಮೋಟ್ ಕ್ಯಾಮೆರಾ

ಅಮೆರಿಕದ ಕೊಲೊರಾಡೋ ರಾಜ್ಯದ ಈಶಾನ್ಯ ಭಾಗದಲ್ಲಿರುವ ಪಾನೀ ರಾಷ್ಟ್ರೀಯ ಹುಲ್ಲುಗಾವಲು ಸುಮಾರು 1,93,000 ಎಕರೆಗಳಷ್ಟು ವಿಸ್ತಾರವಾದ ಗಿಡ್ಡಹುಲ್ಲಿನ ಬಯಲು. ಇಲ್ಲಿ ಮರಗಳು ಅಪರೂಪವಾದ್ದರಿಂದ ಹೆಚ್ಚಿನ ಹಕ್ಕಿಗಳು ನೆಲದಲ್ಲೇ ಗೂಡು ಮಾಡುತ್ತವೆ. ಅದೇ ಕಾರಣಕ್ಕೆ ಛಾಯಾಗ್ರಾಹಕನಿಗೂ ಮರೆಯೆಂಬುದು ಸಿಗುವುದಿಲ್ಲ. ಮೂರು ಬೇಸಿಗೆಗಳಲ್ಲಿ ನಾನು ಇಲ್ಲಿ ಮೂರು ವಿಧಾನಗಳನ್ನು ಪ್ರಯೋಗಿಸಿದ್ದೇನೆ: ಕಾರಿನೊಳಗೆ ಕುಳಿತು ತೆಗೆಯುವುದು, ಮಡಚುವ ಟೆಂಟಿನಲ್ಲಿ ಅಡಗಿ ತೆಗೆಯುವುದು, ಗೂಡಿನ ಬಳಿ ಕ್ಯಾಮೆರಾ ಇಟ್ಟು ದೂರದಿಂದ ರಿಮೋಟ್ ಒತ್ತುವುದು. ಹೋಲಿಕೆಗೆ ಇಟ್ಟುಕೊಂಡ ಅಳತೆಗೋಲು ಚಿತ್ರದ ಸೊಗಸಲ್ಲ; ನಾನು ಬಂದ ಮೇಲೆ ಹಕ್ಕಿ ಎಷ್ಟು ನಿಮಿಷಗಳಲ್ಲಿ ತನ್ನ ಕೆಲಸಕ್ಕೆ ಮರಳುತ್ತದೆ ಎಂಬುದು.

ಈ ಅಳತೆಯಲ್ಲಿ ಕಾರನ್ನು ಮೀರಿಸುವುದು ಯಾವುದೂ ಇಲ್ಲ. ಅಳಿಲಿನ ಕುಟುಂಬದ ನೆಲವಾಸಿ ಪ್ರಾಣಿಗಳಾದ ಪ್ರೇರಿ ಡಾಗ್‌ಗಳು ತೋಡಿದ ಬಿಲಗಳಲ್ಲಿ ಸಂಸಾರ ಹೂಡುವ ಬಿಲಗೂಬೆಗಳು ಹಗಲಿನಲ್ಲೂ ಬಿಲದ ಬಾಯಿಯ ದಿಬ್ಬದ ಮೇಲೆ ನಿಂತಿರುತ್ತವೆ. ಜಲ್ಲಿರಸ್ತೆಯ ಅಂಚಿನಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದಾಗ ಗೂಬೆ ಎರಡು ಮೂರು ಬಾರಿ ಕುಕ್ಕರಿಸಿ ಎದ್ದು ನನ್ನನ್ನು ಅಳೆಯಿತು. ನಾಲ್ಕೈದು ನಿಮಿಷಗಳಲ್ಲಿ ನನ್ನನ್ನು ಮರೆತು, ಬಿಲದ ಬಾಯಿಗೆ ತಾನೇ ತಂದು ಹರಡಿದ್ದ ಒಣಸಗಣಿಯ ಚೂರುಗಳ ನಡುವೆ ಜೀರುಂಡೆ ಹೆಕ್ಕತೊಡಗಿತು. ಇನ್ನೊಂದು ದಿನ ಬಾಗಿಲು ತೆರೆದು ಒಂದೇ ಒಂದು ಕಾಲನ್ನು ನೆಲಕ್ಕಿಟ್ಟೆ, ಅಷ್ಟಕ್ಕೇ ಅದು ಬಿಲದೊಳಗೆ ಇಳಿದುಬಿಟ್ಟಿತು.

ಕಾರಿನ ದೋಷಗಳು ಎರಡು. ಮೊದಲನೆಯದು ಬಿಸಿಗಾಳಿ: ಜೂನ್ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನೆಲದಿಂದೇಳುವ ಝಳದಿಂದ ನಲವತ್ತು ಮೀಟರ್ ಆಚೆಗಿನ ಚಿತ್ರವೆಲ್ಲ ನೀರಿನಡಿಯಲ್ಲಿ ಕಂಡಂತೆ ಅಲುಗುತ್ತದೆ. ಕಾರಿನೊಳಗಿನ ಮತ್ತು ಹೊರಗಿನ ಗಾಳಿಯ ಉಷ್ಣತೆ ಬೇರೆಯಾಗಿದ್ದರೆ ಕಿಟಕಿಯ ಬಳಿಯಲ್ಲೇ ಇದು ಆರಂಭವಾಗುವುದರಿಂದ ಎರಡೂ ಬದಿಯ ಕಿಟಕಿಗಳನ್ನು ಮೊದಲೇ ತೆರೆದಿಡಬೇಕು. ಎರಡನೆಯದು ಕೋನ. ಸೀಟಿನ ಎತ್ತರದಿಂದ ಕೆಳಮುಖವಾಗಿ ತೆಗೆದಾಗ ಹಕ್ಕಿ ಹುಲ್ಲಿಗೆ ಅಂಟಿಸಿದಂತೆ ಚಪ್ಪಟೆಯಾಗಿ ಕಾಣುತ್ತದೆ. ರಸ್ತೆ ತಗ್ಗಿಗಿಳಿದು ಪಕ್ಕದ ದಿಣ್ಣೆ ಕಿಟಕಿಯ ಮಟ್ಟಕ್ಕೆ ಬರುವಂಥ ಜಾಗಗಳನ್ನು ಹುಡುಕಿಟ್ಟುಕೊಳ್ಳುವುದೇ ಇದಕ್ಕಿರುವ ಪರಿಹಾರ; ನನಗೆ ಈವರೆಗೆ ಸಿಕ್ಕಿರುವುದು ಮೂರೇ ಜಾಗಗಳು. ಲೆನ್ಸಿನ ಆಸರೆಗೆ, ಮಾರಾಟಕ್ಕಿರುವ ಬೀನ್ ಬ್ಯಾಗ್‌ಗಿಂತ ಹಳೆಯ ದಿಂಬಿನ ಚೀಲದಲ್ಲಿ ತುಂಬಿದ ಎರಡು ಕಿಲೋ ಸೋನಾ ಮಸೂರಿ ಅಕ್ಕಿಯೇ ಚೆನ್ನಾಗಿ ಕೂರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಟೆಂಟಿನ ಬಲವಿರುವುದು ಈ ಕೋನದಲ್ಲೇ. ಕೊಲೊರಾಡೋದ ರಾಜ್ಯಪಕ್ಷಿಯಾದ ಲಾರ್ಕ್ ಬಂಟಿಂಗ್ ಕುರುಚಲು ಗಿಡದ ಬುಡದಲ್ಲಿ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಅದರ ಹೆಣ್ಣಿನ ಕಣ್ಣಿನ ಮಟ್ಟದಲ್ಲಿ ಮಲಗಿ, ಹಿನ್ನೆಲೆಯ ಹುಲ್ಲೆಲ್ಲ ಹಸಿರು ಮಂಜಾಗಿ ಕರಗಿದ ಚಿತ್ರವನ್ನು ಕಾರಿನಿಂದ ಎಂದಿಗೂ ತೆಗೆಯಲಾಗದು. ಆದರೆ ಟೆಂಟನ್ನು ಒಮ್ಮೆಲೇ ಗೂಡಿನ ಹತ್ತಿರ ನಿಲ್ಲಿಸುವಂತಿಲ್ಲ. ಮೊದಲ ದಿನ ಐವತ್ತು ಮೀಟರ್, ಮರುದಿನ ಮೂವತ್ತು, ಮೂರನೆಯ ದಿನ ಹದಿನೈದು ಎಂದು ಸರಿಸುತ್ತಾ ಬರಬೇಕು. ಈ ಹಕ್ಕಿ ಕಾವು ಕೊಡುವುದು ಒಟ್ಟು ಹನ್ನೆರಡು ದಿನಗಳಷ್ಟು ಮಾತ್ರ. ಅಂದರೆ ಅದರ ಕಾವಿನ ಕಾಲು ಭಾಗವನ್ನು ನಾನು ಹತ್ತಿರವಾಗುವುದಕ್ಕೇ ಬಳಸಿಕೊಂಡಿದ್ದೆ, ಮತ್ತು ಮೂರನೆಯ ದಿನವೂ ಹೆಣ್ಣು ಗೂಡಿಗೆ ಮರಳಲು ನಲವತ್ತು ನಿಮಿಷ ತೆಗೆದುಕೊಂಡಿತು. ಗಾಳಿಗೆ ಟೆಂಟಿನ ಬಟ್ಟೆ ಪಟಪಟನೆ ಬಡಿಯುತ್ತಿದ್ದುದೂ ಅದಕ್ಕೊಂದು ಕಾರಣವಿರಬಹುದು. ಚಿತ್ರಕ್ಕೆ ಅಡ್ಡ ಬಂದ ನಾಲ್ಕು ಎಸಳು ಹುಲ್ಲನ್ನು ಬಗ್ಗಿಸಿಡುವ ಆಸೆ ಹುಟ್ಟುವುದೂ ಇಲ್ಲಿಯೇ. 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯ್ದೆ ಮೊಟ್ಟೆ ಮತ್ತು ಗೂಡುಗಳಿಗೆ ರಕ್ಷಣೆ ಕೊಟ್ಟಿದೆಯಾದರೂ ಬಗ್ಗಿದ ಹುಲ್ಲಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆ ಎಸಳುಗಳೇ ಮೊಟ್ಟೆಗಳಿಗೆ ನೆರಳು, ಅನ್ಯರ ಗೂಡಿನಲ್ಲಿ ಮೊಟ್ಟೆಯಿಡಲು ಹೊಂಚುವ ಕೌಬರ್ಡ್‌ನ ಕಣ್ಣಿಗೆ ಅವೇ ಮರೆ.

ರಿಮೋಟ್ ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪರಿಚಿತರೊಬ್ಬರ ರ‍್ಯಾಂಚಿನ ಜಲ್ಲಿದಾರಿಯಲ್ಲಿ ಕಿಲ್‌ಡಿಯರ್ ನಾಲ್ಕು ಮೊಟ್ಟೆಗಳನ್ನಿಟ್ಟಿತ್ತು. ಇದು ನಮ್ಮ ಟಿಟ್ಟಿಭದ ಕುಟುಂಬಕ್ಕೇ ಸೇರಿದ ಹಕ್ಕಿ. ಹತ್ತಿರ ಹೋದರೆ ರೆಕ್ಕೆ ಮುರಿದಂತೆ ನಟಿಸುತ್ತಾ ದೂರಕ್ಕೆ ಸೆಳೆಯುತ್ತದೆ. ಗೂಡಿನಿಂದ ಎರಡು ಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟು, ನೂರು ಮೀಟರ್ ಹಿಂದೆ ಸರಿದು ದುರ್ಬೀನಿನಲ್ಲಿ ನೋಡುತ್ತಾ ಕುಳಿತೆ. ಹಕ್ಕಿ ಬಂದು ಲೆನ್ಸಿನ ಗಾಜಿನೆದುರು ನಿಂತಿತು, ಹೋಯಿತು, ಮತ್ತೆ ಬಂದು ನಿಂತಿತು. ಹತ್ತು ಗಂಟೆಯ ಬಿಸಿಲಿನಲ್ಲಿ ಬರಿಯ ಜಲ್ಲಿಯ ಮೇಲಿನ ಮೊಟ್ಟೆಗಳಿಗೆ ಬೇಕಾದದ್ದು ಕಾವಲ್ಲ, ನೆರಳು. ಇಪ್ಪತ್ತೈದನೆಯ ನಿಮಿಷಕ್ಕೆ ನಾನೇ ಎದ್ದುಹೋಗಿ ಕ್ಯಾಮೆರಾ ತೆಗೆದೆ. ಎರಡೇ ನಿಮಿಷಗಳಲ್ಲಿ ಅದು ಮೊಟ್ಟೆಗಳ ಮೇಲೆ ರೆಕ್ಕೆ ಅಗಲಿಸಿ ನಿಂತಿತು. ಅಂದಿನ ಹದಿನಾರು ಚಿತ್ರಗಳಲ್ಲಿ ಹಕ್ಕಿಯ ಮುಖಕ್ಕಿಂತ ಅದರ ದಿಗಿಲೇ ಸ್ಪಷ್ಟವಾಗಿ ಮೂಡಿದೆ.

ಹಾಗಾಗಿ ಈಗ ಕಾರೇ ನನ್ನ ನಿತ್ಯದ ಮರೆ. ಟೆಂಟನ್ನು ಹೊರತೆಗೆಯುವುದು ಮೊಟ್ಟೆಯೊಡೆದು ಮರಿಗಳು ಬಾಯಿ ತೆರೆಯತೊಡಗಿದ ಮೇಲೆ ಮಾತ್ರ, ಏಕೆಂದರೆ ಆಗ ಉಣಿಸುವ ಅವಸರದಲ್ಲಿರುವ ಹೆತ್ತವರು ಗೂಡು ಬಿಟ್ಟುಹೋಗುವ ಸಂಭವ ಕಡಿಮೆ. ಕಳೆದ ಜೂನ್‌ನಲ್ಲಿ ಹೀಗೆ ಕಾದು ಮೂವತ್ತು ಮೀಟರ್ ದೂರದಲ್ಲೇ ಟೆಂಟು ನಿಲ್ಲಿಸಿದಾಗ ಹೆಣ್ಣು ಬಂಟಿಂಗ್ ಕೊಕ್ಕಿನಲ್ಲಿ ಮಿಡತೆಯೊಂದಿಗೆ ಆರೇ ನಿಮಿಷಗಳಲ್ಲಿ ಬಂದಿತು. ಅಡ್ಡ ಬಂದ ಹುಲ್ಲಿನ ಎಸಳೊಂದು ಆ ಚಿತ್ರದಲ್ಲಿ ಅದರ ಎದೆಯ ಮೇಲೆ ಹಾಗೆಯೇ ಇದೆ.