ಕತ್ತಿಗಿಂತ ಮೊದಲು ಜಮೀನು: ಕಾಮಾಕುರಾದ ಒಂದು ಕಾಲ್ನಡಿಗೆ ಪ್ರವಾಸ

ಕಂದಾಯ ಇಲಾಖೆಯಲ್ಲಿ ವರ್ಷಗಟ್ಟಲೆ ಜಮೀನು ತಕರಾರಿನ ಕಡತಗಳನ್ನು ನೋಡಿದವಳು ನಾನು. ಸಮುರಾಯ್ ಎಂದೊಡನೆ ಕತ್ತಿಯ ಹೊಳಪನ್ನೇ ವರ್ಣಿಸುವವರು ನನಗೆ ರುಚಿಸುವುದಿಲ್ಲ. ಜಪಾನಿನ ಕಾಮಾಕುರಾದ ಈ ಪ್ರವಾಸ ಹಿಡಿಸಿತು, ಏಕೆಂದರೆ ಇಲ್ಲಿನ ಮಾರ್ಗದರ್ಶಿ ಮಾತು ಆರಂಭಿಸಿದ್ದೇ ಜಮೀನಿನಿಂದ.

ತ್ಸುರುಗಾವೊಕಾ ಹಾಚಿಮಾನ್ ದೇವಾಲಯದ ಎದುರಿನ ಎತ್ತರಿಸಿದ ಹಾದಿಯಲ್ಲಿ ನಿಂತು ಆಕೆ ಎಲ್ಲವನ್ನೂ ಬಿಡಿಸಿ ಹೇಳಿದರು. ಶೋಯೆನ್ ಎಂಬ ಖಾಸಗಿ ಭೂಹಿಡುವಳಿಗಳ ಆದಾಯ ಅಂದಿನ ರಾಜಧಾನಿ ಕ್ಯೋಟೊದ ಕುಲೀನರಿಗೂ ದೇಗುಲಗಳಿಗೂ ಸೇರುತ್ತಿತ್ತು. ಊರಲ್ಲೇ ಇದ್ದು ತೆರಿಗೆ ಎತ್ತಿ, ಕಾವಲು ಕಾಯುತ್ತಿದ್ದ ಯೋಧರ ಹಕ್ಕಿಗೆ ಮಾತ್ರ ಭದ್ರತೆ ಇರಲಿಲ್ಲ. 1180ರಲ್ಲಿ ಇಲ್ಲಿ ನೆಲೆಯೂರಿದ ಯೋಧನಾಯಕ ಮಿನಾಮೊತೊ ಯೊರಿತೊಮೊ ಆ ಹಕ್ಕುಗಳನ್ನು ಖಾಯಂ ಮಾಡಿಕೊಟ್ಟ, ಅವರು ಅವನ ಪರ ಯುದ್ಧಕ್ಕೆ ನಿಂತರು. 1185ರಲ್ಲಿ ಅವನ ವೈರಿಗಳಾದ ತೈರಾ ಕುಲ ನಾಶವಾದ ಮೇಲೆ ತನ್ನವರನ್ನು ಜಿತೊ, ಅಂದರೆ ಹಿಡುವಳಿಯ ಮೇಲ್ವಿಚಾರಕರಾಗಿ ನೇಮಿಸುವ ಅಧಿಕಾರವನ್ನು ಚಕ್ರವರ್ತಿಯ ಆಸ್ಥಾನದಿಂದ ಪಡೆದ. ಶೋಗನ್, ಅಂದರೆ ಯೋಧರ ಸರ್ಕಾರದ ಮುಖ್ಯಸ್ಥನ ಪದವಿ ಬಂದದ್ದು 1192ರಲ್ಲಿ. ಹೆಣ್ಣುಮಕ್ಕಳೂ ಜಿತೊ ಹಕ್ಕಿಗೆ ವಾರಸುದಾರರಾಗುತ್ತಿದ್ದರೆಂದು ಕೇಳಿ ನನಗೆ ಬಹಳ ಸಂತೋಷವಾಯಿತು.

ಶೋಗನ್‌ನ ಹೆಸರಲ್ಲಿ ಆಳುತ್ತಿದ್ದ ಹೋಜೋ ಕುಲದ ಯಾಸುತೋಕಿಯ ಆಡಳಿತದಲ್ಲಿ, 1232ರಲ್ಲಿ ಬಂದ 51 ವಿಧಿಗಳ ಕಾನೂನು ಸಂಹಿತೆಯ ಬಗ್ಗೆ ನಾನು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದೆ. ಭೂಮಿ 20 ವರ್ಷ ಒಬ್ಬರ ಅನುಭವದಲ್ಲಿದ್ದರೆ ಹಳೆಯ ಪತ್ರ ಹಿಡಿದು ಬಂದವರು ಅದನ್ನು ಬಿಡಿಸುವಂತಿಲ್ಲ! ಯೋಧರ ಸರ್ಕಾರದ ಬಹುಪಾಲು ಕೆಲಸ ಇಂಥ ವ್ಯಾಜ್ಯಗಳ ವಿಚಾರಣೆಯೇ ಆಗಿತ್ತೆಂದು ಆಕೆ ತಾಳ್ಮೆಯಿಂದ ವಿವರಿಸಿದರು.

ಯೊರಿತೊಮೊನ ಸಮಾಧಿ ನೋಡಿ, ಬಸ್ಸಿನಲ್ಲಿ ಅಸಾಯಿನಾ ಕಣಿವೆದಾರಿಗೆ ಹೋದೆವು. 1241ರಲ್ಲಿ ಬಂಡೆ ಕಡಿದು ಮಾಡಿದ ದಾರಿ. ಯಾಸುತೋಕಿ ತನ್ನ ಕುದುರೆಯ ಮೇಲೆಯೇ ಮಣ್ಣು ಹೊರಿಸಿದ್ದನಂತೆ. ಸದಾ ಒರತೆ, ಕೆಸರು. ಗಟ್ಟಿ ಬೂಟು ಬೇಕೆಂದು ಬುಕಿಂಗ್ ಸಮಯದಲ್ಲಿ ಯಾರೂ ತಿಳಿಸಲಿಲ್ಲ. ಗುಂಪಿನ ಹಿರಿಯರೊಬ್ಬರು ಜಾರಿ ಬಿದ್ದರು. ಇದು ಅಕ್ಷಮ್ಯ.

ಇನ್ನೊಂದು ದೂರು ತೋಶೋಜಿ ಎಂಬ ದೇಗುಲದ ಅವಶೇಷದ ಬಗ್ಗೆ. 1333ರಲ್ಲಿ ಕಾಮಾಕುರಾದ ಸರ್ಕಾರ ಉರುಳಿದಾಗ ಹೋಜೋ ಕುಲದವರು ಸಾಮೂಹಿಕವಾಗಿ ಪ್ರಾಣ ತೆತ್ತ ಜಾಗ ಇದು. 1274 ಮತ್ತು 1281ರಲ್ಲಿ ಮಂಗೋಲರನ್ನು ಹಿಮ್ಮೆಟ್ಟಿಸಿದರೂ ಹಂಚಲು ಹೊಸ ಭೂಮಿ ದಕ್ಕಲಿಲ್ಲ. ಸಾಲದಲ್ಲಿ ಮುಳುಗಿದ ಯೋಧರ ನಿಷ್ಠೆ ಸಡಿಲವಾಯಿತು. ಬೆಳಿಗ್ಗೆ ಆರಂಭಿಸಿದ ಜಮೀನಿನ ವಾದ ಮುಗಿಯಬೇಕಾದದ್ದೇ ಇಲ್ಲಿ. ಅದನ್ನು ಅವಸರದಲ್ಲಿ ಎರಡು ವಾಕ್ಯಗಳಲ್ಲಿ ಹೇಳಿ ನಮ್ಮನ್ನು ನಿಲ್ದಾಣಕ್ಕೆ ಕರೆದೊಯ್ದರು. 8,000 ಯೆನ್ ಕೊಟ್ಟವರಿಗೆ ಇನ್ನರ್ಧ ಗಂಟೆಯನ್ನಾದರೂ ಕೊಡಬೇಕು. ಹಾಗಿದ್ದರೂ ಇದೇ ಮಾರ್ಗದರ್ಶಿ ಸಿಗುವ ದಿನ ನೋಡಿಕೊಂಡು ಹೋಗಿ ಎಂದೇ ಹೇಳುತ್ತೇನೆ.