ಸೌರ ಫಲಕ ಕಾರ್ಖಾನೆ: ಮಾಡ್ಯೂಲ್, ಸೆಲ್, ವೇಫರ್ – ಎಲ್ಲಿಂದ ಶುರು?

ಭಾರತದಲ್ಲಿ ಈ ಉದ್ಯಮಕ್ಕೆ ಇಳಿಯುವವರ ಮುಂದೆ ಮೂರು ದಾರಿಗಳಿವೆ: ಸೆಲ್ (ಬೆಳಕನ್ನು ವಿದ್ಯುತ್ತಾಗಿಸುವ ಬಿಲ್ಲೆ) ಕೊಂಡು ಮಾಡ್ಯೂಲ್ (ಪೂರ್ಣ ಫಲಕ) ಜೋಡಿಸುವುದು, ಸೆಲ್ಲನ್ನೂ ತಯಾರಿಸುವುದು, ಇಂಗಾಟ್ (ಸಿಲಿಕಾನ್ ಹರಳಿನ ಗಟ್ಟಿ) ಮತ್ತು ಅದನ್ನು ಸೀಳಿ ಮಾಡುವ ತೆಳು ಹಾಳೆಯಾದ ವೇಫರ್‌ವರೆಗೂ ಹೋಗುವುದು.

ಬಂಡವಾಳ ಕಡಿಮೆ ಸಾಕಾಗುವುದು ಜೋಡಣೆಗೆ. ಸೆಲ್‌ಗಳನ್ನು ಸಾಲಾಗಿ ಬೆಸೆಯುವ ಸ್ಟ್ರಿಂಗರ್, ಪದರಗಳನ್ನು ಒತ್ತಿ ಅಂಟಿಸುವ ಲ್ಯಾಮಿನೇಟರ್, ಸೆಲ್ಲಿಗೆ ವಿದ್ಯುತ್ ಹರಿಸಿ ಅದು ಸೂಸುವ ಬೆಳಕಿನ ಚಿತ್ರದಲ್ಲಿ ದೋಷ ಹುಡುಕುವ ಇಎಲ್ (ಎಲೆಕ್ಟ್ರೋಲ್ಯುಮಿನೆಸೆನ್ಸ್) ಪರೀಕ್ಷಾ ಯಂತ್ರ, ಕೃತಕ ಬಿಸಿಲಿನಲ್ಲಿ ಫಲಕದ ಶಕ್ತಿ ಅಳೆಯುವ ಸನ್ ಸಿಮ್ಯುಲೇಟರ್ ಇದ್ದರೆ ಕೆಲವೇ ತಿಂಗಳಲ್ಲಿ ಉತ್ಪಾದನೆ ಸಾಧ್ಯ. ಬೆಸುಗೆಯ ಶಾಖ ಹೆಚ್ಚಾದರೆ ಸೆಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಹಾಗಾಗಿ ಲ್ಯಾಮಿನೇಷನ್‌ಗೆ ಮೊದಲೂ ನಂತರವೂ ಇಎಲ್ ಚಿತ್ರ ತೆಗೆಯಲೇಬೇಕು.

ಸೆಲ್ ಘಟಕ ನಿಜಕ್ಕೂ ರಾಸಾಯನಿಕ ಕಾರ್ಖಾನೆ. ಅತಿಶುದ್ಧ ನೀರು, ಗಾಳಿ ತಾಗಿದರೆ ಹೊತ್ತಿಕೊಳ್ಳುವ ಸೈಲೇನ್ ಅನಿಲ, ಫ್ಲೋರೈಡ್ ತ್ಯಾಜ್ಯದ ಸಂಸ್ಕರಣೆ, ನುರಿತ ಪ್ರೊಸೆಸ್ ಎಂಜಿನಿಯರುಗಳು ಎಲ್ಲವೂ ಬೇಕು. ತಂತ್ರಜ್ಞಾನವೂ ಬೇಗ ಹಳತಾಗುತ್ತದೆ. ಪರ್ಕ್ ಎಂಬ ಸೆಲ್ ವಿನ್ಯಾಸದ ಜಾಗಕ್ಕೆ ಟಾಪ್‌ಕಾನ್ ಎಂಬ ಹೊಸ ವಿನ್ಯಾಸ ಬಂದದ್ದು ಕೆಲವೇ ವರ್ಷಗಳಲ್ಲಿ. ಆದರೆ ಮಾರುಕಟ್ಟೆ ಇಲ್ಲೇ ಗಟ್ಟಿ: ಮನೆ ಚಾವಣಿ ಸೌರ ವಿದ್ಯುತ್ತಿಗೆ ಕೇಂದ್ರದ ಯೋಜನೆಯಾದ ಪಿಎಂ ಸೂರ್ಯಘರ್‌ನ ಸಹಾಯಧನಕ್ಕೆ ಸೆಲ್, ಮಾಡ್ಯೂಲ್ ಎರಡೂ ದೇಶೀಯವಾಗಿರಬೇಕು. 2026ರ ಜೂನ್‌ನಿಂದ ಸೆಲ್‌ಗೂ ಎಎಲ್‌ಎಂಎಂ (ಸರ್ಕಾರ ಅನುಮೋದಿಸಿದ ಮಾದರಿ ಮತ್ತು ತಯಾರಕರ) ಪಟ್ಟಿ ಅನ್ವಯಿಸುವಂತೆ ಕೇಂದ್ರ ಆದೇಶಿಸಿದೆ.

ವೇಫರ್‌ಗೆ ವಿದ್ಯುತ್ ದರವೇ ನಿರ್ಣಾಯಕ. ಸಿಲಿಕಾನ್ ಕರಗುವುದು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹರಳು ಎಳೆಯುವಾಗ ಕರೆಂಟ್ ಹೋದರೆ ಇಂಗಾಟ್ ಕೆಡುತ್ತದೆ. ಇಂಗಾಟ್‌ಗೆ ಕಚ್ಚಾವಸ್ತುವಾದ ಅತಿಶುದ್ಧ ಸಿಲಿಕಾನ್, ಅಂದರೆ ಪಾಲಿಸಿಲಿಕಾನ್ ಮಾತ್ರ ಆಗಲೂ ಆಮದಾಗಬೇಕು.

ಸಣ್ಣ ಬಂಡವಾಳವಿದ್ದು, ದೇಶೀಯ ಸೆಲ್ ಪೂರೈಕೆಯ ದೀರ್ಘ ಒಪ್ಪಂದ ಸಿಕ್ಕರೆ ಜೋಡಣೆ ಸರಿ, ಒಪ್ಪಂದವಿಲ್ಲದೆ ಇಳಿಯಬೇಡಿ. ನೀರು, ಸಂಸ್ಕರಣಾ ಘಟಕ, ಹಲವು ವರ್ಷದ ಸಾಲ ಹೊರುವ ಶಕ್ತಿ ಇದ್ದವರಿಗೆ ಸೆಲ್. ಅಗ್ಗದ, ಅಡೆತಡೆಯಿಲ್ಲದ ವಿದ್ಯುತ್ ಜೊತೆಗೆ ಸ್ವಂತ ಸೆಲ್ ಘಟಕವೂ ಇದ್ದರಷ್ಟೇ ವೇಫರ್.