ಅಪ್‌ಡೇಟ್ ಆದಮೇಲೆ ವೈಫೈ ಹೋಯ್ತಾ? ರೋಲ್ ಬ್ಯಾಕೋ, ರೀಸೆಟ್ಟೋ

ವಿಂಡೋಸ್ 11 ಅಪ್‌ಡೇಟ್ ಮುಗಿಸಿ ಮತ್ತೆ ಆನ್ ಆಗಿದೆ. ಮೂಲೆಯಲ್ಲಿ ವೈಫೈ ಗುರುತಿನ ಬದಲು ಬರೀ ಗ್ಲೋಬ್. ಫೋನಿಗೆ ಅದೇ ವೈಫೈ ಸರಿಯಾಗಿ ಸಿಗುತ್ತಿದ್ದರೆ ಪಾಪ, ರೂಟರನ್ನು ಬೈಯಬೇಡಿ.

ನಾನಾದರೆ ಮೊದಲು ಕೈಹಾಕುವುದು ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್) ರೋಲ್ ಬ್ಯಾಕ್‌ಗೆ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗಿರುವ ವೈಫೈ ಕಾರ್ಡಿನ ಪ್ರಾಪರ್ಟೀಸ್ ತೆರೆದರೆ, ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಇರುತ್ತದೆ. ಹಳೇ ಡ್ರೈವರ್ ವಾಪಸ್ ಬರುತ್ತದೆ, ಪಾಸ್‌ವರ್ಡ್‌ಗಳು ಹಾಗೇ ಉಳಿಯುತ್ತವೆ. ಬಟನ್ ಮಸುಕಾಗಿದ್ದರೆ ಹಳೇ ಪ್ರತಿ ಉಳಿದಿಲ್ಲ ಎಂದರ್ಥ; ಆ ದಾರಿ ಮುಚ್ಚಿತು.

ನೆಟ್‌ವರ್ಕ್ ರೀಸೆಟ್ ಸ್ವಲ್ಪ ಒರಟು. ಅಡಾಪ್ಟರ್‌ಗಳನ್ನೆಲ್ಲ ಕಿತ್ತು ಮತ್ತೆ ಕೂರಿಸುತ್ತದೆ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುತ್ತದೆ. ವೈಫೈ ಪಾಸ್‌ವರ್ಡ್ ಮತ್ತೆ ಕೊಡಬೇಕು. ಚೀಟಿ ಹುಡುಕಿಟ್ಟುಕೊಂಡೇ ಒತ್ತಿ. ಆಫೀಸಿನ ವಿಪಿಎನ್ ಇದ್ದರೆ ಅದನ್ನೂ ಮತ್ತೆ ಹಾಕಬೇಕಾಗಬಹುದು. ಆದರೆ ‘ಕನೆಕ್ಟೆಡ್’ ಎಂದು ತೋರಿಸಿಯೂ ನೆಟ್ ಬಾರದಿದ್ದಾಗ ಇದೇ ವಾಸಿ.

ಡಿವೈಸ್ ಮ್ಯಾನೇಜರ್ ಪಟ್ಟಿಯಲ್ಲಿ ವೈಫೈ ಕಾರ್ಡಿನ ಹೆಸರೇ ಇಲ್ಲವೇ? ಫೋನನ್ನು ಕೇಬಲ್‌ನಲ್ಲಿ ಚುಚ್ಚಿ, ಫೋನಿನ ನೆಟ್ ಲ್ಯಾಪ್‌ಟಾಪಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ಡ್ರೈವರ್ ಇಳಿಸಿಕೊಳ್ಳಿ.